ಬೆಳವಣಿಗೆಯ ಬಿಲ್ಲು ಯಾರ ಹೆಸರಿಗೆ?

ಬೆಂಗಳೂರಿನ ಅಂಚಿನಲ್ಲಿ ಒಂದು ರಾಗಿ ಹೊಲ ಬಡಾವಣೆಯಾಗುವ ಹೊತ್ತಿಗೆ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಏರಿದ ಬೆಲೆಯಲ್ಲಿ ಜಮೀನಿನವರಿಗೊಂದು ಪಾಲು, ದಲ್ಲಾಳಿಗೊಂದು, ಬಡಾವಣೆ ಮಾಡಿದವರಿಗೆ ದೊಡ್ಡದೊಂದು, ಮುದ್ರಾಂಕ ಮತ್ತು ನೋಂದಣಿ ಶುಲ್ಕದ ರೂಪದಲ್ಲಿ ರಾಜ್ಯ ಸರ್ಕಾರಕ್ಕೂ ಒಂದು ಪಾಲು ಸಲ್ಲುತ್ತದೆ. ಅಲ್ಲಿಗೆ ನೀರು ತರಬೇಕಾದ ಕೊಳವೆ, ಕೊಳಚೆ ಒಯ್ಯಬೇಕಾದ ಒಳಚರಂಡಿ, ಮಳೆನೀರು ಹರಿಯಬೇಕಾದ ರಾಜಕಾಲುವೆ, ಅಲ್ಲಿನ ವಾಹನಗಳೆಲ್ಲ ಬಂದು ಸೇರುವ ಮುಖ್ಯರಸ್ತೆ, ಇವುಗಳ ಪಾಲು ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಆ ಲೆಕ್ಕ ಎದುರಾಗುವುದು ಹತ್ತು ಹದಿನೈದು ವರ್ಷದ ನಂತರ, ಬೇರೆ ವೇಷದಲ್ಲಿ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಮಹದೇವಪುರ, ಸರ್ಜಾಪುರ ರಸ್ತೆ ಸೀಮೆಯ ವಿಲ್ಲಾಗಳ ನಿವಾಸಿಗಳನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಆಗಸ್ಟ್ 30ರ ಒಂದೇ ದಿನ ಸಂಚಾರ ನಿಂತಿದ್ದರಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ನೀರಿಗೆ ದರ ಕಟ್ಟಬೇಕಾಯಿತು. ಎರಡನ್ನೂ ನಾವು ಮಳೆ ಹೆಚ್ಚಾದ, ಮಳೆ ಕಡಿಮೆಯಾದ ಸುದ್ದಿಯಾಗಿ ಓದಿದೆವು. ಹಣಕಾಸು ಪುಟದಲ್ಲಿ ಬರಬೇಕಾಗಿದ್ದ ಸುದ್ದಿಗಳು ಅವು.

ನಗರ ಬೆಳೆಯುವುದಕ್ಕೆ ಖರ್ಚಿದೆ. ಅದನ್ನು ಭರಿಸುವ ದಾರಿಗಳು ಮೂರೇ: ಈಗಾಗಲೇ ನೆಲೆಸಿರುವವರ ತೆರಿಗೆ, ರಾಜ್ಯ ಅಥವಾ ಕೇಂದ್ರದ ಅನುದಾನ, ಇಲ್ಲವೇ ಹೊಸದಾಗಿ ಕಟ್ಟುವವರು ಅನುಮತಿ ಪಡೆಯುವಾಗ ಕೊಡುವ ಹಣ. ಸಾಲವೂ ಇದೆಯಲ್ಲ ಎನ್ನಬಹುದು. ಆದರೆ ಸಾಲ ತೀರಿಸುವಾಗ ಮತ್ತೆ ಈ ಮೂವರಲ್ಲಿ ಒಬ್ಬರ ಮನೆ ಬಾಗಿಲಿಗೇ ಬರಬೇಕು. ಮೂರನೆಯ ದಾರಿಯೇ ಅಭಿವೃದ್ಧಿ ಶುಲ್ಕ. ಹೊಸ ಬಡಾವಣೆ ಬಂದಿದ್ದರಿಂದ ಹೊಸ ಪಂಪ್‌ಹೌಸ್ ಬೇಕಾಯಿತು, ಪಂಪ್‌ಹೌಸ್ ಬಂದಿದ್ದರಿಂದ ಅಲ್ಲಿನ ನಿವೇಶನಗಳ ಬೆಲೆ ಏರಿತು ಎಂದಾದರೆ, ಏರಿದ ಬೆಲೆಯಿಂದಲೇ ಖರ್ಚಿನ ಒಂದು ಪಾಲು ಬರಲಿ ಎಂಬುದು ಅದರ ಹಿಂದಿನ ತರ್ಕ. ನ್ಯಾಯವಾದ ತರ್ಕ ಎಂದೇ ನಾನು ತಿಳಿದಿದ್ದೇನೆ. ಆದರೆ ಅದು ನ್ಯಾಯವಾಗಿ ಉಳಿಯುವುದು ಒಂದು ಷರತ್ತಿನ ಮೇಲೆ. ಯಾವ ಕಾಮಗಾರಿಗೆ ಈ ಹಣ, ಅದರ ವೆಚ್ಚದಲ್ಲಿ ನನ್ನ ಪಾಲು ಎಷ್ಟು, ಯಾವಾಗ ಮುಗಿಯುತ್ತದೆ, ಮುಗಿಯದಿದ್ದರೆ ಹಣ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ರಸೀದಿಯಲ್ಲೇ ಉತ್ತರ ಇರಬೇಕು. ಬೆಂಗಳೂರಿನಲ್ಲಿ ಶುಲ್ಕಗಳಿಗೆ ಬರವಿಲ್ಲ. ಅವುಗಳಿಗೆ ವಿಳಾಸವಿಲ್ಲ ಎಂಬುದೇ ಇಲ್ಲಿನ ತೊಂದರೆ.

ಈಗಿರುವ ಪಟ್ಟಿಯನ್ನೇ ನೋಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ನೇ ಸೆಕ್ಷನ್ ಸುಧಾರಣಾ ಶುಲ್ಕಕ್ಕೆ ಅವಕಾಶ ಕೊಡುತ್ತದೆ. 18-ಎ ಸೆಕ್ಷನ್ ಪ್ರಕಾರ ಕುಡಿಯುವ ನೀರಿನ ಯೋಜನೆ, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಇವುಗಳ ಹೆಸರಿನಲ್ಲಿ ಸೆಸ್ ಮತ್ತು ಸರ್ಚಾರ್ಜ್ ಹಾಕಬಹುದು. ಜಲಮಂಡಳಿ ದೊಡ್ಡ ಕಟ್ಟಡಗಳಿಂದ ಪ್ರೊರೇಟಾ ಶುಲ್ಕ, ಫಲಾನುಭವಿ ಬಂಡವಾಳ ವಂತಿಗೆ ಎಂದೆಲ್ಲ ಬೇರೆಯಾಗಿ ವಸೂಲು ಮಾಡುತ್ತದೆ. ಪಾಲಿಕೆಯದು ನಕ್ಷೆ ಮಂಜೂರಾತಿ ಶುಲ್ಕ, ನೆಲಬಾಡಿಗೆ, ಪರಿಶೀಲನಾ ಶುಲ್ಕ. ಹೆಚ್ಚುವರಿ ಮಹಡಿ ಬೇಕೆಂದರೆ ಪ್ರೀಮಿಯಂ ಎಫ್‌ಎಆರ್‌ಗೆ ಇನ್ನೊಂದು ಲೆಕ್ಕ. ಇಷ್ಟೆಲ್ಲ ಕೊಟ್ಟು ಕಟ್ಟಿದ ಅಪಾರ್ಟ್‌ಮೆಂಟಿಗೆ ನೀರು ಟ್ಯಾಂಕರ್‌ನಲ್ಲಿ ಬರುತ್ತದೆ, ಕೊಳಚೆ ಸಂಸ್ಕರಣಾ ಘಟಕವನ್ನು ನಿವಾಸಿಗಳೇ ನಡೆಸಬೇಕು, ಎದುರಿನ ರಸ್ತೆಗೆ ಮುಂದಿನ ಚುನಾವಣೆಯವರೆಗೆ ಕಾಯಬೇಕು. ಶುಲ್ಕಗಳಿಗೆ ಒಂದು ಕಾಮಗಾರಿಯ ಪಟ್ಟಿ ಅಂಟಿಕೊಂಡಿಲ್ಲವಾದ್ದರಿಂದ, ವರ್ತುಲ ರಸ್ತೆಯ ಹೆಸರಿನಲ್ಲಿ ಕೊಟ್ಟ ಹಣ ಯಾವ ವರ್ತುಲದ ಯಾವ ಕಿಲೋಮೀಟರ್‌ಗೆ ಹೋಯಿತೆಂದು ಕೊಟ್ಟವರಿಗೆ ತಿಳಿಯುವ ದಾರಿ ಇಲ್ಲ.

ಬೆಂಗಳೂರು ಈ ಕೆಲಸವನ್ನು ಸರಿಯಾಗಿ ಮಾಡಲು ಹೊರಟ ಒಂದು ಕಾಲ ಇತ್ತು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೆನೆಯುವುದು ಲೇಸು. ಏಕೆಂದರೆ ಒಳ್ಳೆಯ ವಿನ್ಯಾಸವೂ ಎಲ್ಲಿ ಜಾರುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಈ ಶತಮಾನದ ಆರಂಭದಲ್ಲಿ ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆಗಳು ಹಾಗೂ ಕೆಂಗೇರಿ ಪುರಸಭೆ ಮಹಾನಗರದ ಸುತ್ತ ಹಬ್ಬಿದ್ದವು. ಅಲ್ಲಿ ಮನೆಗಳಿದ್ದವು, ಕಾವೇರಿ ಇರಲಿಲ್ಲ. ಬೃಹತ್ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆ ರೂಪುಗೊಂಡಾಗ ವೆಚ್ಚದ ಒಂದು ದೊಡ್ಡ ಪಾಲನ್ನು ಅಲ್ಲಿನ ನಿವೇಶನದಾರರೇ ವಂತಿಗೆಯಾಗಿ ಕೊಡಬೇಕೆಂದು ತೀರ್ಮಾನವಾಯಿತು. ಇನ್ನೊಂದು ಪಾಲಿಗೆ ಆ ಎಂಟೂ ಸಂಸ್ಥೆಗಳನ್ನು ಒಟ್ಟುಗೂಡಿಸಿ 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಲಾಯಿತು. ಒಂಟಿಯಾಗಿ ಯಾರೂ ಸಾಲ ಕೊಡದ ಸಣ್ಣ ಸಂಸ್ಥೆಗಳು ಒಟ್ಟಾಗಿ ಮಾರುಕಟ್ಟೆಗೆ ಹೋದದ್ದು ದೇಶವೇ ಗಮನಿಸಿದ ಪ್ರಯೋಗ. ಇಲ್ಲಿಯವರೆಗೆ ಎಲ್ಲವೂ ಸರಿ. ಹಣಕ್ಕೆ ಹೆಸರಿತ್ತು, ಯೋಜನೆಗೆ ಗಡಿಯಿತ್ತು, ಕೊಡುವವರು ಮತ್ತು ಪಡೆಯುವವರು ಒಬ್ಬರೇ ಆಗಿದ್ದರು. ಕೊಳವೆಗಳೂ ನೆಲದಡಿ ಸೇರಿದವು. ಆದರೆ ಕೊಳವೆಯೊಳಗೆ ಹರಿಯಬೇಕಾದ ನೀರು ಕಾವೇರಿ 4ನೇ ಹಂತದ 2ನೇ ಘಟ್ಟದಿಂದ ಬರಬೇಕಿತ್ತು. ಅದು ಬಂದದ್ದು 2012ರ ಹೊತ್ತಿಗೆ. ವಂತಿಗೆ ಕಟ್ಟಿದ ಮನೆಗಳು ಒಣ ನಲ್ಲಿಯ ಮುಂದೆ ವರ್ಷಗಟ್ಟಲೆ ಟ್ಯಾಂಕರ್‌ಗೂ ದುಡ್ಡು ಕೊಟ್ಟವು. ಅಷ್ಟರಲ್ಲಿ 2007ರಲ್ಲಿ ಈ ಸಂಸ್ಥೆಗಳ ಜತೆ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಹುಟ್ಟಿತು. 226 ಚದರ ಕಿಲೋಮೀಟರಿನ ಪಾಲಿಕೆ 700 ದಾಟಿತು. ಆ 110 ಹಳ್ಳಿಗಳಿಗಾಗಿಯೇ ರೂಪಿಸಿದ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ 5ನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ಸೇರ್ಪಡೆಗೂ ನೀರಿಗೂ ನಡುವೆ 17 ವರ್ಷ. ಸಂಪರ್ಕ ಪಡೆಯಲು ಬನ್ನಿ ಎಂದು ಜಲಮಂಡಳಿ ಕರೆದಾಗ ಅನೇಕ ಅಪಾರ್ಟ್‌ಮೆಂಟ್ ಸಂಘಗಳು ಹಿಂದೇಟು ಹಾಕಿದ್ದನ್ನು ಜಿಪುಣತನ ಎಂದು ಬೈಯುವುದು ಸುಲಭ. ಹಿಂದೊಮ್ಮೆ ಮುಂಗಡ ಕೊಟ್ಟು ಕಾದವರ ಕಥೆ ಊರಿಗೆಲ್ಲ ಗೊತ್ತಿರುವಾಗ ಆ ಹಿಂದೇಟು ಅನುಭವದ ಪಾಠವಷ್ಟೇ.

ವಿಚಿತ್ರವೆಂದರೆ, ಇಂಥ ಮುಂಗಡ ಹಣದ ಅಪಾಯ ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತು. 2016ರ ರೇರಾ ಕಾಯ್ದೆ ಬಂದದ್ದೇ ಅದಕ್ಕಾಗಿ. ಖರೀದಿದಾರರಿಂದ ಪಡೆದ ಹಣದ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು, ಆ ಯೋಜನೆಗೇ ಬಳಸಬೇಕು, ಕೆಲಸ ಮುಂದುವರಿದಷ್ಟೇ ಹಣ ತೆಗೆಯಬೇಕು, ತಡವಾದರೆ ಬಡ್ಡಿ ಕೊಡಬೇಕು. ಮನೆ ಕಟ್ಟುವ ಖಾಸಗಿಯವರಿಗೆ ಹಾಕಿದ ಈ ಕಡಿವಾಣವನ್ನು, ಅದೇ ಮನೆಗೆ ನೀರು ರಸ್ತೆ ಕೊಡುತ್ತೇನೆಂದು ಅದೇ ಕುಟುಂಬದ ದುಡ್ಡು ಪಡೆಯುವ ಸರ್ಕಾರಿ ಸಂಸ್ಥೆಗಳು ತಮಗೆ ಹಾಕಿಕೊಂಡಿಲ್ಲ. ಹೊಸ ತತ್ವವೇನೂ ಬೇಕಿಲ್ಲ. ಬಿಲ್ಡರ್‌ಗೆ ಹೇಳಿದ್ದನ್ನು ಪ್ರಾಧಿಕಾರಗಳೂ ಪಾಲಿಸಿದರೆ ಸಾಕು.

ಕಾನೂನಿನ ನೆಲೆಯೂ ಇದಕ್ಕೆ ದೂರವಾದುದಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಮೊದಲು ಸ್ಪಷ್ಟವಾಗಿ ಹೇಳಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಧಾರ್ಮಿಕ ದತ್ತಿ ಕಾಯ್ದೆಯಡಿ ಮಠದ ಮೇಲೆ ಹಾಕಿದ ವಂತಿಗೆಗೆ ಪ್ರತಿಯಾಗಿ ಸರ್ಕಾರ ಸೇವೆ ಕೊಡುವಂತೆ ಕಾಣುತ್ತಿಲ್ಲ, ಹಣ ರಾಜ್ಯದ ಬೊಕ್ಕಸಕ್ಕೆ ಸೇರಿಹೋಗುತ್ತಿದೆ, ಆದ್ದರಿಂದ ಅದು ಶುಲ್ಕದ ಹೆಸರಿನ ತೆರಿಗೆ ಎಂಬುದು ಅಂದಿನ ತೀರ್ಪಿನ ತಿರುಳು. ಮುಂದೆ ನ್ಯಾಯಾಲಯಗಳು ಈ ಅಳತೆಯನ್ನು ಸಡಿಲಿಸಿವೆ. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ, ಸ್ಥೂಲ ಸಂಬಂಧ ಇದ್ದರಾಯಿತು ಎಂದಿವೆ. ಆದರೂ 1992ರಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರ ಕಾನೂನಿನಲ್ಲಿ ನೇರ ಅಧಿಕಾರವಿಲ್ಲದೆ ವಸೂಲು ಮಾಡಿದ ಅಭಿವೃದ್ಧಿ ಶುಲ್ಕವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಿರೂರು ತೀರ್ಪಿನ 70 ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು ಎದುರಿಸಿತು. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಒಬ್ಬ ನಿವೃತ್ತರು ತಮ್ಮ ಜಾಗದಲ್ಲಿ ಒಂದು ಚಿಕ್ಕ ಸಿದ್ಧಮನೆ ಇಡಲು ಹೊರಟಾಗ ರಸ್ತೆಗಾಗಿ 23,420 ಡಾಲರ್ ಕೇಳಲಾಗಿತ್ತು. ಶಾಸನಸಭೆಯೇ ನಿಗದಿ ಮಾಡಿದ ಶುಲ್ಕವೆಂಬ ಕಾರಣಕ್ಕೆ ಅದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದಿಲ್ಲ, ಹೊಸ ಕಟ್ಟಡದಿಂದ ಆಗುವ ಹೊರೆಗೂ ಕೇಳಿದ ಹಣಕ್ಕೂ ಸಂಬಂಧ ಮತ್ತು ಪ್ರಮಾಣ ಇರಬೇಕು ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅದೇ ರಾಜ್ಯದಲ್ಲಿ 1987ರಿಂದಲೂ ಒಂದು ಕಾನೂನಿದೆ: ಖರ್ಚಾಗದೆ ಉಳಿದ ಶುಲ್ಕದ ಬಗ್ಗೆ ಐದು ವರ್ಷಕ್ಕೊಮ್ಮೆ ಸಮಜಾಯಿಷಿ ಕೊಡಬೇಕು, ಕೊಡಲಾಗದಿದ್ದರೆ ಹಣ ವಾಪಸ್. ನಮ್ಮ ಕಾನೂನಿಗೆ ಸೇರಿಸಿಕೊಳ್ಳಲು ಯೋಗ್ಯವಾದ ಒಂದೇ ಒಂದು ವಾಕ್ಯ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ಇನ್ನು ಆಕ್ಷೇಪಗಳು. ಮೊದಲನೆಯದು, ಶುಲ್ಕ ಹೆಚ್ಚಾದರೆ ಮನೆಯ ಬೆಲೆ ಹೆಚ್ಚುತ್ತದೆ, ಕೊನೆಗೆ ಕೊಡುವವರು ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವ ಮಧ್ಯಮ ವರ್ಗದವರು ಎಂಬುದು. ಅರ್ಧ ನಿಜ. ಬಿಲ್ಡರ್ ಜಮೀನು ಕೊಂಡಾದ ಮೇಲೆ ದಿಢೀರನೆ ಶುಲ್ಕ ಏರಿಸಿದರೆ ಅದು ಖರೀದಿದಾರರ ತಲೆಗೇ ಬರುತ್ತದೆ. ಆದರೆ ಈ ವಲಯದಲ್ಲಿ ಚದರ ಅಡಿಗೆ ಇಷ್ಟು ಎಂದು ಎರಡು ಮೂರು ವರ್ಷ ಮೊದಲೇ ಪ್ರಕಟಿಸಿದರೆ ಜಮೀನು ಕೊಳ್ಳುವವರು ಅದನ್ನು ಕಳೆದೇ ಬೆಲೆ ಕೇಳುತ್ತಾರೆ. ಹೊರೆ ನಿಧಾನವಾಗಿ ಜಮೀನಿನ ಬೆಲೆಯೊಳಗೆ ಇಳಿಯುತ್ತದೆ. ಪುಕ್ಕಟೆಯಾಗಿ ಏರಿದ ಬೆಲೆಯ ಮೇಲೆ ಬೀಳುವ ಹೊರೆಯೇ ಎಲ್ಲಕ್ಕಿಂತ ಹಗುರವಾದ ಹೊರೆ. ಇದಲ್ಲದೆ, ಶುಲ್ಕವಿಲ್ಲದಿದ್ದರೆ ಮನೆ ಅಗ್ಗವಾಗಿ ಸಿಗುತ್ತದೆ ಎಂಬ ಎಣಿಕೆಯೇ ತಪ್ಪು. ಟ್ಯಾಂಕರ್, ಆಳಕ್ಕಿಳಿಯುತ್ತಲೇ ಇರುವ ಕೊಳವೆಬಾವಿ, ಸಂಸ್ಕರಣಾ ಘಟಕದ ನಿರ್ವಹಣೆ, ಜನರೇಟರ್ ಇವೆಲ್ಲ ತಿಂಗಳ ಮೇಂಟೆನೆನ್ಸ್ ಬಿಲ್ಲಿನೊಳಗೆ ಕೂತ ಅಭಿವೃದ್ಧಿ ಶುಲ್ಕಗಳೇ. ವ್ಯತ್ಯಾಸ ಇಷ್ಟೇ: ಒಮ್ಮೆ ಕೊಟ್ಟು ಮುಗಿಯುವುದರ ಬದಲು ಅವು ಆಯುಷ್ಯಪೂರ್ತಿ ನಡೆಯುತ್ತವೆ, ಕೊನೆಗೆ ನಗರಕ್ಕೆ ಒಂದು ಅಡಿ ಕೊಳವೆಯನ್ನೂ ಉಳಿಸುವುದಿಲ್ಲ.

ಉಳಿದ ಅರ್ಧವನ್ನು ಟೊರಾಂಟೊ ಕಲಿಸುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1997ರ ಕಾಯ್ದೆಯಡಿ ಅಭಿವೃದ್ಧಿ ಶುಲ್ಕ ಹಾಕುವ ಮುನ್ನ ಅಧ್ಯಯನ ವರದಿ ಪ್ರಕಟಿಸಬೇಕು, ಸೇವೆಗೊಂದರಂತೆ ಪ್ರತ್ಯೇಕ ನಿಧಿ ಇಡಬೇಕು. ಲೆಕ್ಕಪತ್ರದ ಶಿಸ್ತು ನಮಗಿಂತ ಎಷ್ಟೋ ಮೇಲು. ಆದರೂ ಹತ್ತೇ ವರ್ಷದಲ್ಲಿ ಟೊರಾಂಟೊದ ಶುಲ್ಕ ಹಲವು ಪಟ್ಟು ಏರಿ, 2024ರಲ್ಲಿ ಒಂದು ಒಂಟಿ ಮನೆಗೆ 1 ಲಕ್ಷ 30 ಸಾವಿರ ಡಾಲರ್ ಮೀರಿತು. ಮನೆ ಮಾರಾಟ ಕುಸಿದಾಗ ಪಕ್ಕದ ಮಿಸಿಸಾಗಾ 2025ರ ಜನವರಿಯಲ್ಲಿ ವಸತಿ ಶುಲ್ಕವನ್ನು ಅರ್ಧಕ್ಕಿಳಿಸಿತು; ಹಣವನ್ನು ಅನುಮತಿಯ ಹೊತ್ತಿಗಲ್ಲದೆ ಮನೆ ವಾಸಕ್ಕೆ ಸಿದ್ಧವಾದಾಗ ಕೊಟ್ಟರೆ ಸಾಕೆಂದು ಪ್ರಾಂತ್ಯ ಅದೇ ವರ್ಷ ಕಾನೂನು ಬದಲಿಸಿತು. ಶುಲ್ಕ ಅಷ್ಟು ಏರಲು ಕಾರಣ ಕಾಮಗಾರಿಯ ವೆಚ್ಚ ಒಂದೇ ಅಲ್ಲ. ಒಂಟಾರಿಯೊದಲ್ಲಿ ಆಸ್ತಿ ತೆರಿಗೆಯ ದರ ಕಡಿಮೆ ಇರುವ ನಗರಗಳಲ್ಲಿ ಟೊರಾಂಟೊ ಒಂದು. ಹಳೆಯ ನಿವಾಸಿಗಳಿಗೆ ಮತವಿದೆ, ಇನ್ನೂ ಬಾರದವರಿಗೆ ಮತವಿಲ್ಲ. ಆದ್ದರಿಂದ ಮೊದಲನೆಯವರ ತೆರಿಗೆ ಏರಿಸುವ ಬದಲು ಎರಡನೆಯವರ ಶುಲ್ಕ ಏರಿಸುವುದು ಯಾವ ಕೌನ್ಸಿಲರ್‌ಗಾದರೂ ಸಲೀಸು. ಕ್ಯಾಲಿಫೋರ್ನಿಯಾದಲ್ಲೂ 1978ರ ಜನಮತಗಣನೆ ಆಸ್ತಿ ತೆರಿಗೆಗೆ ಶೇ 1ರ ಮಿತಿ ಹಾಕಿದ ಮೇಲೆಯೇ ಊರೂರುಗಳು ಹೊಸ ಮನೆಗಳ ಶುಲ್ಕದ ಕಡೆ ತಿರುಗಿದ್ದು.

ನಮಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬೆಂಗಳೂರು ಮತ್ತು ಜೈಪುರ ತಮ್ಮ ಆಸ್ತಿ ತೆರಿಗೆಯ ಸಾಮರ್ಥ್ಯದಲ್ಲಿ ಶೇ 5ರಿಂದ 20ರಷ್ಟನ್ನು ಮಾತ್ರ ಸಂಗ್ರಹಿಸುತ್ತಿವೆ ಎಂದು ಉಪಗ್ರಹ ಚಿತ್ರಗಳ ಆಧಾರದ ಮೇಲೆ 2016-17ರ ಕೇಂದ್ರ ಆರ್ಥಿಕ ಸಮೀಕ್ಷೆ ಅಂದಾಜಿಸಿತ್ತು. ಆಮೇಲೆ ವಸೂಲಿ ಸುಧಾರಿಸಿದೆ, ಬಾಕಿದಾರರ ಬೆನ್ನು ಹತ್ತಲಾಗಿದೆ, ನಿಜ. ಆದರೂ ಜಯನಗರ, ಸದಾಶಿವನಗರಗಳಲ್ಲಿ ಕೋಟಿಗಟ್ಟಲೆ ಬಾಳುವ ನಿವೇಶನದ ತೆರಿಗೆಗೂ ಅದರ ಮಾರುಕಟ್ಟೆ ಬೆಲೆಗೂ ಇರುವ ಅಂತರ ಯಾರಿಗೂ ಗುಟ್ಟಲ್ಲ. ಹಾಗಾಗಿ ಎರಡನೆಯ ಆಕ್ಷೇಪಕ್ಕೆ, ಅಂದರೆ ಹಳಬರಿಗೆ ಪುಕ್ಕಟೆ ಸಿಕ್ಕದ್ದಕ್ಕೆ ಹೊಸಬರೇಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆಗೆ, ನನ್ನ ಬಳಿ ಪೂರ್ತಿ ತೃಪ್ತಿಕರ ಉತ್ತರವಿಲ್ಲ, ಆಕ್ಷೇಪದಲ್ಲೇ ಹುರುಳಿದೆ. 1945ರಲ್ಲಿ ಹುಟ್ಟಿದ ಸಿಐಟಿಬಿಯ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಬಡಾವಣೆಗಳಲ್ಲಿ ನಿವೇಶನ ಪಡೆದವರು ರಸ್ತೆ, ಚರಂಡಿ, ಪಾರ್ಕು ಸಮೇತ ಪಡೆದರು. ಕಾವೇರಿಯ ಮೊದಲ ಹಂತಗಳ ಬಂಡವಾಳ ಇಡೀ ರಾಜ್ಯದ ಹೆಗಲ ಮೇಲಿತ್ತು. ಇದಕ್ಕೆ ಮಾಡಬಹುದಾದ ನ್ಯಾಯ ಒಂದೇ: ಖರ್ಚನ್ನು ಪ್ರಾಮಾಣಿಕವಾಗಿ ಎರಡಾಗಿ ಒಡೆಯುವುದು. ಹಳೆಯ ಕೊರತೆ ತುಂಬುವ ಹಣ, ಅಂದರೆ ಐವತ್ತು ವರ್ಷದ ಒಳಚರಂಡಿ ಬದಲಿಸುವುದು, ಒತ್ತುವರಿಯಾದ ಕಾಲುವೆ ಬಿಡಿಸುವುದು, ಎಲ್ಲರೂ ಓಡಾಡುವ ಮೆಟ್ರೊ, ಇವು ಆಸ್ತಿ ತೆರಿಗೆಯಿಂದ ಮತ್ತು ರಾಜ್ಯದ ಬೊಕ್ಕಸದಿಂದ ಬರಬೇಕು. ಹೊಸ ಬಡಾವಣೆಯಿಂದಲೇ ಬೇಕಾದ ಹೊಸ ಸಾಮರ್ಥ್ಯಕ್ಕೆ ಮಾತ್ರ ಶುಲ್ಕ. ಈ ಗೆರೆ ಎಳೆಯಲು ಎಂಜಿನಿಯರ್‌ಗಳಿಗೆ ಕಷ್ಟವೇನಿಲ್ಲ. ಎಳೆದದ್ದನ್ನು ಅಳಿಸದೆ ಇಡುವುದು ಕಷ್ಟ.

ಮೂರನೆಯದೇ ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಆಕ್ಷೇಪ. ಕ್ರಮಬದ್ಧವಾಗಿ ಕಟ್ಟುವವರಿಗೆ ಶುಲ್ಕ ಹೆಚ್ಚಿಸಿದಷ್ಟೂ ಜನ ಕ್ರಮ ತಪ್ಪಿದ ಕಡೆಗೆ ಹೋಗುತ್ತಾರೆ. ಬೆಂಗಳೂರಿನ ಸುತ್ತಲಿನ ಕಂದಾಯ ನಿವೇಶನಗಳ ಇತಿಹಾಸವೇ ಅದು: ಭೂಪರಿವರ್ತನೆ ಇಲ್ಲ, ನಕ್ಷೆ ಇಲ್ಲ, ಶುಲ್ಕವೂ ಇಲ್ಲ, 20 ಅಡಿ ರಸ್ತೆ ಇದ್ದರೆ ಪುಣ್ಯ. ಬಡವರು, ಕೆಳಮಧ್ಯಮ ವರ್ಗದವರು ಕೈಗೆಟುಕಿದ್ದು ಅಷ್ಟೇ ಎಂದು ಅಲ್ಲಿಗೆ ಹೋದರು. ನಂತರ ಇಂಥ ಕ್ರಮ ತಪ್ಪಿದ ನಿವೇಶನಗಳನ್ನು ತೆರಿಗೆಗಾಗಿ ಬೇರೆಯಾಗಿ ದಾಖಲಿಸುವ ಬಿ ಖಾತೆ ಬಂತು. 2025ರ ನವೆಂಬರ್‌ನಿಂದ ಬಿ ಖಾತೆಯ ನಿವೇಶನಗಳನ್ನು ಮಾರ್ಗಸೂಚಿ ಬೆಲೆಯ ಶೇ 5ರಷ್ಟು ಕಟ್ಟಿಸಿಕೊಂಡು ಎ ಖಾತೆಗೆ ಬದಲಿಸುವ ಯೋಜನೆ ಶುರುವಾಯಿತು. ಇದು ಅಭಿವೃದ್ಧಿ ಶುಲ್ಕವೇ, ಆದರೆ ತಲೆಕೆಳಗಾದದ್ದು: ಲಾಭ ಮಾಡಿಕೊಂಡ ಬಡಾವಣೆದಾರ ಹೋಗಿಯಾದ ಮೇಲೆ, ರಸ್ತೆ ಅಗಲಿಸಲು ಜಾಗ ಉಳಿಯದ ಮೇಲೆ, ಕೊನೆಯ ಕೊಳ್ಳುವವರಿಂದ. ಆದ್ದರಿಂದ ಶುಲ್ಕ ಬೀಳಬೇಕಾದ ಜಾಗ ಕಟ್ಟಡದ ನಕ್ಷೆಯ ಹಂತಕ್ಕಿಂತ ಹಿಂದೆ ಸರಿಯಬೇಕು. ಹೊಲ ಬಡಾವಣೆಯಾಗುವ ಕ್ಷಣದಲ್ಲೇ, ಜಮೀನಿನ ಮೇಲೆ ಬೀಳಬೇಕು. ಮುಂದೆ 30-40 ನಿವೇಶನದಲ್ಲಿ ಮನೆ ಕಟ್ಟುವವರನ್ನು ಬಿಟ್ಟುಬಿಡಬೇಕು.

ಹಣವನ್ನೇ ಕೇಳಬೇಕೆಂದಿಲ್ಲ ಎಂಬುದಕ್ಕೂ ಉದಾಹರಣೆ ದೂರವಿಲ್ಲ. ಬೆಳಗಾವಿ, ಧಾರವಾಡಗಳೂ ಸೇರಿದ್ದ ಅಂದಿನ ಮುಂಬೈ ಪ್ರಾಂತದಲ್ಲಿ 1915ರಲ್ಲಿ ಬಂದ ನಗರ ಯೋಜನಾ ಕಾನೂನನ್ನು ಗುಜರಾತ್ ಕೈಬಿಡದೆ ಬೆಳೆಸಿಕೊಂಡಿತು. ಅಲ್ಲಿ ಒಂದು ಪ್ರದೇಶದ ಎಲ್ಲ ಜಮೀನುಗಳನ್ನು ಒಟ್ಟು ಹಾಕಿ, ಶೇ 40ರವರೆಗೆ ರಸ್ತೆ, ಉದ್ಯಾನ, ಶಾಲೆ, ಮಾರಾಟದ ನಿವೇಶನಗಳಿಗೆ ತೆಗೆದುಕೊಂಡು, ಉಳಿದದ್ದನ್ನು ಸರಿಯಾದ ಆಕಾರದಲ್ಲಿ ಮೊದಲಿನ ಮಾಲೀಕರಿಗೇ ಹಿಂದಿರುಗಿಸುತ್ತಾರೆ. ಬೆಲೆ ಏರಿಕೆಯ ಒಂದು ಪಾಲನ್ನು ಸುಧಾರಣಾ ಶುಲ್ಕವಾಗಿ ಪಡೆಯುತ್ತಾರೆ. ಅಹಮದಾಬಾದ್ ತನ್ನ 76 ಕಿ.ಮೀ. ಸರ್ದಾರ್ ಪಟೇಲ್ ವರ್ತುಲ ರಸ್ತೆಯನ್ನು ಈ ಶತಮಾನದ ಮೊದಲ ದಶಕದಲ್ಲೇ ಕಟ್ಟಿಕೊಂಡದ್ದು ಬಹುಮಟ್ಟಿಗೆ ಈ ದಾರಿಯಿಂದ. ಹೆಚ್ಚುಕಡಿಮೆ ಅಷ್ಟೇ ಉದ್ದದ ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಗೆ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಬಿಸಿನೆಸ್ ಕಾರಿಡಾರ್ ಎಂದು ಹೆಸರು ಬದಲಾಗಿದೆ, ವೆಚ್ಚದ ಅಂದಾಜು 20 ಸಾವಿರ ಕೋಟಿ ದಾಟಿದೆ, ಬಹುಪಾಲು ಭೂಮಿಗೇ. ಅಧಿಸೂಚನೆಯ ತೂಗುಗತ್ತಿಯಡಿ ಒಂದು ತಲೆಮಾರಿನ ರೈತರು ಮಾರಲೂ ಆಗದೆ ಕಟ್ಟಲೂ ಆಗದೆ ಕೂತರು. ನಮ್ಮ 1961ರ ಕಾಯ್ದೆಯಲ್ಲೂ ನಗರ ಯೋಜನಾ ಸ್ಕೀಮ್‌ಗೆ ಒಂದು ಅಧ್ಯಾಯವೇ ಇದೆ. ಅದನ್ನು ಬಳಸಿದ್ದು ಅಪರೂಪ. ಗುಜರಾತಿನ ಪದ್ಧತಿಯಲ್ಲೂ ತೊಂದರೆಗಳಿವೆ. ಸ್ಕೀಮ್ ಅಂತಿಮವಾಗಲು ವರ್ಷಗಳು ಹಿಡಿಯುತ್ತವೆ, ಭೂಮಿ ಇಲ್ಲದ ಕೂಲಿಕಾರರಿಗೂ ಗೇಣಿದಾರರಿಗೂ ಅದರಲ್ಲಿ ಪಾಲಿಲ್ಲ. ಆದರೆ ರಸ್ತೆ ಮೊದಲು, ಮನೆ ಆಮೇಲೆ ಎಂಬ ಕ್ರಮ ಅಲ್ಲಿ ಉಳಿದುಕೊಂಡಿದೆ.

ಬಿಲ್ಡರ್‌ಗಳ ಕೈಗೆ ವಸೂಲಿ ಕೊಟ್ಟು ಕಂತಿನಲ್ಲಿ ಕಟ್ಟಿ ಎಂದರೆ ಏನಾಗುತ್ತದೆ ಎಂಬುದಕ್ಕೆ ಗುರುಗ್ರಾಮ ಸಾಕು. ಹರಿಯಾಣದ 1975ರ ಕಾಯ್ದೆಯಡಿ ಬಡಾವಣೆ ಪರವಾನಗಿ ಪಡೆದವರು ಬಾಹ್ಯ ಅಭಿವೃದ್ಧಿ ಶುಲ್ಕ ಕೊಡಬೇಕು. ಅನೇಕರು ಅದನ್ನು ಖರೀದಿದಾರರಿಂದ ಪಡೆದರು, ಸರ್ಕಾರಕ್ಕೆ ಕಟ್ಟಲಿಲ್ಲ. ಬಾಕಿ ಹತ್ತು ಸಾವಿರ ಕೋಟಿ ಮೀರಿ, ಬಾಕಿದಾರರಿಗೆ ರಿಯಾಯಿತಿ ಯೋಜನೆ ಪ್ರಕಟಿಸುವ ಸ್ಥಿತಿ ಬಂತು. ಹೊಸ ಸೆಕ್ಟರುಗಳ ನಿವಾಸಿಗಳು ದುಡ್ಡು ಕೊಟ್ಟೂ ಮುಖ್ಯರಸ್ತೆಗೆ, ಒಳಚರಂಡಿಗೆ ಕಾದರು.

ಶುಲ್ಕ ಬರುವುದು ಮನೆಗಳ ಜತೆ, ಕಾಮಗಾರಿ ಬೇಕಾಗುವುದು ಮನೆಗಳಿಗೆ ಮೊದಲು. ಈ ನಡುವಿನ ಕಾಲವನ್ನು ದಾಟಿಸಲು ಸಾಲ ಬೇಕು, ಸಾಲಕ್ಕೆ ಭರವಸೆಯ ಆದಾಯ ಬೇಕು. 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶದಲ್ಲೇ ಮೊದಲನೆಯದಾದದ್ದು ಬೆಂಗಳೂರು ಮಹಾನಗರ ಪಾಲಿಕೆ. ಆಗ ರಾಜ್ಯ ಸರ್ಕಾರದ ಖಾತರಿ ಬೇಕಾಗಿತ್ತು. ವಲಯವಾರು ಅಭಿವೃದ್ಧಿ ಶುಲ್ಕ ಬೇರೆ ಯಾವುದಕ್ಕೂ ಮುಟ್ಟಲಾಗದ ಎಸ್ಕ್ರೋ ಖಾತೆಗೆ ಬೀಳುವುದಾದರೆ ಆ ಖಾತೆಯೇ ಖಾತರಿ. ಹಣಕ್ಕೆ ವಿಳಾಸ ಕೊಡುವುದು ನಾಗರಿಕರಿಗೆ ಮಾಡುವ ಉಪಕಾರ ಮಾತ್ರವಲ್ಲ, ನಗರಕ್ಕೆ ಸಾಲ ಹುಟ್ಟುವ ದಾರಿಯೂ ಹೌದು. ಇದನ್ನು ಹೇಳಿದರೆ ಅಧಿಕಾರಿಗಳು ಕೊಡುವ ಉತ್ತರ, ಹೀಗೆ ಕಟ್ಟಿ ಹಾಕಿದರೆ ತುರ್ತಿಗೆ ಹಣ ಇರುವುದಿಲ್ಲ ಎಂಬುದು. ಬಡ ವಾರ್ಡುಗಳಿಂದ ಶುಲ್ಕವೇ ಬರುವುದಿಲ್ಲ, ಅಲ್ಲಿಗೇನು ಎಂಬ ಇನ್ನೂ ಒಳ್ಳೆಯ ಪ್ರಶ್ನೆಯೂ ಇದೆ. ಎರಡಕ್ಕೂ ಉತ್ತರ ಆಸ್ತಿ ತೆರಿಗೆಯೇ. ಅದನ್ನು ಎಲ್ಲಿ ಬೇಕಾದರೂ ಖರ್ಚು ಮಾಡುವ ಸ್ವಾತಂತ್ರ್ಯ ಪಾಲಿಕೆಗಿದೆ, ಇರಬೇಕು ಕೂಡ.

ಆ ಸ್ವಾತಂತ್ರ್ಯವನ್ನು ಬಳಸುವವರು ಯಾರು ಎಂಬುದು ಉಳಿಯುತ್ತದೆ. ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಂತರ ಐದು ವರ್ಷ ಕಳೆದರೂ ಚುನಾವಣೆ ನಡೆಯದೆ, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಹೋಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಬಂತು. ಹೊಸ ಬಡಾವಣೆಗಳು ಹೆಚ್ಚಾಗಿ ನಗರದ ಅಂಚಿನ ಪಾಲಿಕೆಗಳಲ್ಲಿವೆ. ನೀರು ಜಲಮಂಡಳಿಯ ಕೈಲಿ, ಯೋಜನೆ ಮತ್ತು ದೊಡ್ಡ ಕಾಮಗಾರಿ ಪ್ರಾಧಿಕಾರದ ಕೈಲಿ. ಶುಲ್ಕ ಒಬ್ಬರು ಪಡೆದು ಕೆಲಸ ಇನ್ನೊಬ್ಬರು ಮಾಡಬೇಕಾದ ಈ ಏರ್ಪಾಡಿನಲ್ಲಿ ಹಣ ದಾರಿ ತಪ್ಪುವುದು ಮೊದಲಿಗಿಂತ ಸುಲಭ. ಬಿ ಖಾತೆ ಪರಿವರ್ತನೆಯಿಂದ ಬರುವ ಶೇ 5ರ ಹಣದಿಂದಲೇ ಲೆಕ್ಕ ಶುರು ಮಾಡಬಹುದು. ಯಾವ ವಾರ್ಡಿನಿಂದ ಎಷ್ಟು ಬಂತು, ಅದೇ ವಾರ್ಡಿನ ಯಾವ ಚರಂಡಿಗೆ, ಯಾವ ಕೊಳವೆಗೆ ಹೋಯಿತು ಎಂಬುದನ್ನು ಐದೂ ಪಾಲಿಕೆಗಳು ತಮ್ಮ ಬಜೆಟ್ ಪುಸ್ತಕದಲ್ಲಿ ಬೇರೆ ಪುಟವಾಗಿ ಅಚ್ಚು ಹಾಕಲಿ. ಪೂರ್ಣ ಪ್ರಮಾಣದ ಅಭಿವೃದ್ಧಿ ಶುಲ್ಕದ ಮಸೂದೆಯನ್ನು ಯಾರಾದರೂ ವಿಧಾನಸಭೆಗೆ ತರುವುದಾದರೆ, ಆ ಪುಟ ಅಚ್ಚಾದ ಮೇಲೆ ತರಲಿ.